ಹಸಿರು ಕೋಳಿಯ ಪಂಥ

ಕಳೆದ ತಿಂಗಳು ಯುಟ್ರೆಕ್ಟ್‌ನಿಂದ ರೈಲಿನಲ್ಲಿ ಹೊರಟಿದ್ದೆ. ಎದುರಿನ ಸೀಟಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಚೀಲದಿಂದ ಸ್ಯಾನಿಟೈಸರ್ ತೆಗೆದು ಕೈಗೆ ಹಚ್ಚಿಕೊಂಡರು. ಈಗ ಯಾರೂ ಹಾಗೆ ಮಾಡುವುದಿಲ್ಲ. ಅದು ಆರುವ ಮೊದಲೇ ಸಣ್ಣ ಡಬ್ಬಿಯೊಂದರಿಂದ ಬಿಳಿಯದೇನನ್ನೋ ಬೆರಳಲ್ಲಿ ತೆಗೆದು ಅಂಗೈಗೆ ತಿಕ್ಕಿದರು. ಗಟ್ಟಿಯಾದ ಕೊಬ್ಬರಿ ಎಣ್ಣೆ. ಮೊದಲು ಸ್ಪಿರಿಟ್ಟಿನ ಚುರುಕು ವಾಸನೆ, ಅದರ ಬೆನ್ನಿಗೇ ಕೊಬ್ಬರಿ ಎಣ್ಣೆಯದು... ನಾನು ಎದ್ದು ಮುಂದಿನ ಬೋಗಿಗೆ ಹೋದೆ. ಅಲ್ಲಿ ಸೀಟುಗಳು ಖಾಲಿ ಇದ್ದವು. ಆದರೂ ಕೂರಲಾಗಲಿಲ್ಲ. ಕಂಬಿ ಹಿಡಿದುಕೊಂಡು ನಿಂತೇ ಇದ್ದೆ.

ಆ ಎರಡು ವಾಸನೆ ಒಟ್ಟಿಗೆ ಬರುತ್ತಿದ್ದದ್ದು ಒಬ್ಬರ ಕೈಯಿಂದ ಮಾತ್ರ. ಡಚ್ಚರ ಈ ದೇಶದ ರೈಸ್‌ವೈಕ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಕೈಯಿಂದ. ಸ್ಯಾನಿಟೈಸರಿನಿಂದ ಚರ್ಮ ಒಡೆಯುತ್ತದೆಂದು ಅವರು ಪ್ರತಿ ಸಲವೂ ಮೇಲಿಂದ ಎಣ್ಣೆ ಸವರುತ್ತಿದ್ದರು. ಬಾಗಿಲ ಹಿಡಿ, ಟಿವಿ ರಿಮೋಟು, ನಲ್ಲಿ, ಎಲ್ಲಕ್ಕೂ ಆ ಜಿಡ್ಡು ಅಂಟಿರುತ್ತಿತ್ತು.

ನಾವು ಬಾಡಿಗೆಯವರಿಬ್ಬರು ಅವರನ್ನು ಧಣಿಗಳು ಎನ್ನುತ್ತಿದ್ದೆವು. ಮೊದಲು ತಮಾಷೆಗೆ, ಅವರ ಬೆನ್ನ ಹಿಂದೆ. ಒಮ್ಮೆ ಅವರ ಕಿವಿಗೆ ಬಿತ್ತು. ಸಿಟ್ಟಾಗುತ್ತಾರೆಂದುಕೊಂಡರೆ, ಮುಖ ಅರಳಿತು. ಅಂದಿನಿಂದ ನಾನು ಎದುರಿಗೂ ಹಾಗೇ ಕರೆಯತೊಡಗಿದೆ. ಉಡುಪಿಯ ಹತ್ತಿರದ ಹಳ್ಳಿಯವರು. ಹಡಗಿನಲ್ಲಿ ಎಂಜಿನಿಯರ್ ಆಗಿ ಲೋಕ ಸುತ್ತಿ, ರಾಟರ್‌ಡ್ಯಾಮಿನ ಬಂದರಿನ ಕಚೇರಿಯೊಂದರಲ್ಲಿ ನೆಲೆಯಾಗಿ, ಸೊಂಟದ ಆಪರೇಷನ್ ಆದ ಮೇಲೆ ಬೇಗನೆ ನಿವೃತ್ತಿ ತೆಗೆದುಕೊಂಡಿದ್ದರು. ಹೆಂಡತಿ ಮಗಳನ್ನು ಕರೆದುಕೊಂಡು ಎಂದೋ ಬೇರೆಯಾಗಿದ್ದರು. ಆ ಮಾತು ಯಾರೂ ಎತ್ತುವಂತಿರಲಿಲ್ಲ. ನಮ್ಮನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ನಾನು "ಮೈಸೂರು". ಮೇಲಿನ ಅಟ್ಟದಲ್ಲಿದ್ದ ನನ್ನ ಗೆಳೆಯ "ಅಟ್ಟ".

ಕೆಟ್ಟವರೆಂದು ಮೊದಲ ದಿನವೇ ತಿಳಿದಿದ್ದರೆ ಬಿಟ್ಟು ಹೋಗುತ್ತಿದ್ದೆವೇನೋ. ಹಾಗಿರಲಿಲ್ಲ. ಮೀನಿನ ಗಸಿ ಮಾಡಿದರೆ ಮೂವರಿಗೂ ಮಾಡುತ್ತಿದ್ದರು. ಜ್ವರ ಬಂದರೆ ಬಾಗಿಲ ಹೊರಗೆ ಗಂಜಿ ಇಟ್ಟು ಹೋಗುತ್ತಿದ್ದರು. ಆದರೆ ಆ ಮನೆಯಲ್ಲಿ ಯಾವುದೂ ಕೇಳಿದರೆ ಸಿಗುತ್ತಿರಲಿಲ್ಲ. ಗೆಲ್ಲಬೇಕಿತ್ತು. ಹೀಟರ್ ಒಂದು ಡಿಗ್ರಿ ಏರಿಸಬೇಕಾದರೂ ಪಂಥ. ಲಾಕ್‌ಡೌನ್ ದಿನಗಳಲ್ಲಿ ಮಂಗಳವಾರ ಸಂಜೆ ಪ್ರಧಾನಿ ಟಿವಿಗೆ ಬಂದು ಮುಂದಿನ ನಿರ್ಬಂಧಗಳನ್ನು ಹೇಳುತ್ತಿದ್ದರಲ್ಲ, ಅದಕ್ಕೂ ಪಂಥ. ಶಾಲೆ ತೆರೆಯುತ್ತದೋ ಇಲ್ಲವೋ, ಕಟಿಂಗ್ ಅಂಗಡಿ ತೆರೆಯುತ್ತದೋ ಇಲ್ಲವೋ. ಸೋತವನು ಬಚ್ಚಲು ತೊಳೆಯಬೇಕು. ನಾನು ವಾರಗಟ್ಟಲೆ ತೊಳೆದಿದ್ದೇನೆ. ಅವರು ಸೋತ ದಿನ ಸೊಂಟ ಹಿಡಿದುಕೊಂಡು ತಾವೇ ತೊಳೆಯುತ್ತಿದ್ದರು. ನಾನು ಹೋಗಿ ಬ್ರಷ್ ಕೇಳಿದರೆ ಕೊಡುತ್ತಿರಲಿಲ್ಲ.

"ಅಂಕದ ಕಳದಲ್ಲಿ ಬರೆದು ಕೊಡುವ ಕ್ರಮ ಇಲ್ಲ ಮೈಸೂರು," ಎನ್ನುತ್ತಿದ್ದರು. "ಇಲ್ಲಿಂದ ಅಲ್ಲಿಗೆ ಒಂದು ಕೈ ಎತ್ತಿದ್ರೆ ಮುಗೀತು. ಯಾರು, ಎಂತ, ಊರು ಯಾವುದು, ಕೇಳ್ಲಿಕ್ಕೇ ಇಲ್ಲ. ಸೋತವ ತಾನಾಗಿ ಬಂದು ಹಣ ಕೊಡ್ತಾನೆ."

ಅಂಕವೆಂದರೆ ಕೋಳಿ ಅಂಕ, ಕೋಳಿ ಕಾಳಗ; ಕಳವೆಂದರೆ ಅದು ನಡೆಯುವ ಜಾಗ. ಅವರ ಬಾಲ್ಯವೆಲ್ಲ ಸೋದರಮಾವನ ಹಿಂದೆ ಅಂಕದ ಗದ್ದೆಗಳಲ್ಲಿ ಕಳೆದಿತ್ತು. ಮಾವ ಊರಿನಲ್ಲಿ ಇನ್ನೂ ಬದುಕಿದ್ದರು. ಅಂಕದಲ್ಲಿ ತಕರಾರು ಬಂದರೆ ಆ ಸುತ್ತಿನಲ್ಲಿ ಅವರ ಮಾತೇ ಕೊನೆಯದಂತೆ. ಧಣಿಗಳ ಹತ್ತಿರ ಕುಕ್ಕುಟ ಪಂಚಾಂಗವೂ ಇತ್ತು. ಯಾವ ವಾರ, ಯಾವ ಹೊತ್ತಿಗೆ, ಯಾವ ಬಣ್ಣದ ಕೋಳಿ ಗೆಲ್ಲುತ್ತದೆಂದು ಹೇಳುವ ತೆಳ್ಳನೆಯ ಪುಸ್ತಕ. ವರ್ಷವರ್ಷವೂ ಊರಿನಿಂದ ತರಿಸುತ್ತಿದ್ದರು. ಕೋಳಿಯೇ ಇಲ್ಲದ ಊರಿನಲ್ಲಿ ಇದೇಕೆಂದು ಕೇಳಿದರೆ, "ಬಣ್ಣ ಇದ್ದಲ್ಲಿ ಕೋಳಿ ಉಂಟು" ಎಂದು ನಗುತ್ತಿದ್ದರು.

ಅಟ್ಟದವನು ಹಾಸನದ ಕಡೆಯವನು. ಡೇಟಾ ಕೆಲಸ ಮಾಡುತ್ತಿದ್ದ. ಮದುವೆಯಾಗಿ ಒಂದೇ ತಿಂಗಳು ಹೆಂಡತಿಯ ಜೊತೆಗಿದ್ದು, ಮನೆ ನೋಡಿಕೊಂಡು ಕರೆಸಿಕೊಳ್ಳುತ್ತೇನೆಂದು ಹೇಳಿ ಹೊರಟು ಬಂದಿದ್ದ. ಅವನು ಇಳಿದ ಎರಡನೆಯ ವಾರ ಎಲ್ಲ ಬಾಗಿಲುಗಳೂ ಮುಚ್ಚಿದವು. ಯುಟ್ರೆಕ್ಟ್‌ನಲ್ಲಿ ಹಂಚಿಕೊಂಡಿದ್ದ ಮನೆಯ ಕರಾರು ಮುಗಿದು, ಬೇರೆ ಎಲ್ಲೂ ಸಿಗದೆ ಈ ಅಟ್ಟಕ್ಕೆ ಬಂದಿದ್ದ. ಹೆಂಡತಿ ಬರಬೇಕಾದರೆ ಅವನ ಹೆಸರು ಒಂದು ವಿಳಾಸದಲ್ಲಿ ನಗರಸಭೆಯಲ್ಲಿ ನೋಂದಣಿಯಾಗಬೇಕಿತ್ತು. ಅದಿಲ್ಲದೆ ಕಂಪನಿಯವರು ಅರ್ಜಿಯನ್ನು ಮುಂದಕ್ಕೆ ಕಳಿಸುತ್ತಿರಲಿಲ್ಲ. ಅದಕ್ಕೆ ಮನೆ ಯಜಮಾನರ ಒಪ್ಪಿಗೆ ಬೇಕು. ಧಣಿಗಳು ಕೊಡುತ್ತಿರಲಿಲ್ಲ. ಮನೆಯಲ್ಲಿ ಎರಡು ಹೆಸರಿದೆ, ಅವರದು ಮತ್ತು ನನ್ನದು. ಮೂರನೆಯದು ಸೇರಿದರೆ ತೆರಿಗೆಯವರು ಬರುತ್ತಾರೆ, ನಗರಸಭೆಯವರು ಬರುತ್ತಾರೆ ಎನ್ನುತ್ತಿದ್ದರು. ನಿಜವೋ ಸುಳ್ಳೋ... ಅವನು ಪ್ರತಿ ತಿಂಗಳೂ ಕೇಳುತ್ತಿದ್ದ. ಅವರು ಪ್ರತಿ ತಿಂಗಳೂ ಎಣ್ಣೆ ಕೈ ಆಡಿಸಿ, "ನೋಡುವ" ಎನ್ನುತ್ತಿದ್ದರು.

ಆ ವರ್ಷ ಮೇ ತಿಂಗಳಲ್ಲಿ, ಯುರೋಪಿನ ದೇಶಗಳೆಲ್ಲ ಸೇರಿ ಹಾಡುವ ಆ ದೊಡ್ಡ ಟಿವಿ ಸ್ಪರ್ಧೆ ರಾಟರ್‌ಡ್ಯಾಮಿನಲ್ಲಿ ನಡೆಯಿತು. ಹಿಂದಿನ ವರ್ಷ ರದ್ದಾಗಿದ್ದದ್ದು. ಹೊರಗೆ ಎಲ್ಲಿಗೂ ಹೋಗುವಂತಿಲ್ಲದ ಜನಕ್ಕೆ ಅದೇ ಜಾತ್ರೆ, ಅದೇ ಚುನಾವಣೆ. ನನ್ನ ಆಫೀಸಿನಲ್ಲೂ ಪಂಥ ಕಟ್ಟುತ್ತಿದ್ದರು. ಧಣಿಗಳು ಪಂಚಾಂಗವನ್ನೂ ಫೋನನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತರು. ಫೋನಿನಲ್ಲಿ ರಿಹರ್ಸಲ್ ಫೋಟೋಗಳು. ಬಿಳಿ ಗೌನು ಹಾಕಿದವಳು ಬೊಳ್ಳೆ, ಅಂದರೆ ಬಿಳಿ ಕೋಳಿ. ಕೆಂಪು ಕೋಟಿನವನು ಕೆಮ್ಮೈರೆ, ಕೆಂಪು ಕೋಳಿ. ಮೈಯೆಲ್ಲ ಮಿಂಚು ಹಚ್ಚಿಕೊಂಡವಳ ಬಗ್ಗೆ ಬಹಳ ಹೊತ್ತು ಯೋಚಿಸಿದರು. ಪಂಚಾಂಗದ ಹೊತ್ತು ಊರಿನದು. ಇಲ್ಲಿ ರಾತ್ರಿ ಒಂಬತ್ತಾದರೆ ಊರಿನಲ್ಲಿ ಹನ್ನೆರಡೂವರೆ. ಯಾವುದನ್ನು ಹಿಡಿಯುವುದು?

"ಕೋಳಿ ನಿಂತ ನೆಲದ ಸೂರ್ಯ," ಎಂದು ಕೊನೆಗೆ ತಾವೇ ತೀರ್ಪು ಕೊಟ್ಟುಕೊಂಡರು.

ಅಟ್ಟದವನು ಅಷ್ಟು ದಿನ ಯಾವ ಪಂಥಕ್ಕೂ ಬಂದವನಲ್ಲ. ಆ ಸಂಜೆ ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಇದ್ದಕ್ಕಿದ್ದಂತೆ, "ಅಂಕಲ್, ನಾನೂ ಒಂದು ಕಟ್ತೀನಿ," ಎಂದ.

"ಓಹೋ. ಅಟ್ಟ ಕೆಳಗೆ ಇಳೀತು," ಎಂದರು ಧಣಿಗಳು. "ಹೇಳು ನೋಡುವ. ಯಾವ ಕೋಳಿ?"

"ಐಸ್‌ಲ್ಯಾಂಡ್. ಗುರುವಾರ ಎರಡನೇ ಸೆಮಿಫೈನಲ್ ಇದೆಯಲ್ಲ, ಅದರಲ್ಲಿ ಗೆದ್ದು ಫೈನಲ್‌ಗೆ ಹೋಗ್ತಾರೆ. ಹೋದ್ರೆ ನನ್ನ ಹೆಸರು ಈ ಮನೆಗೆ ಹಾಕಿಸ್ಬೇಕು. ಅವಳು ಬಂದ ಮೇಲೆ ಅವಳದೂ."

"ಹೋಗದಿದ್ರೆ?"

"ಇನ್ನು ಯಾವತ್ತೂ ಕೇಳಲ್ಲ. ತಿಂಗಳ ಕೊನೆಗೆ ಅಟ್ಟ ಖಾಲಿ ಮಾಡ್ತೀನಿ."

ನಾನು ಅವನ ಮುಖ ನೋಡಿದೆ. ಅವನು ನನ್ನ ಕಡೆ ತಿರುಗಲಿಲ್ಲ. ಆಮೇಲೆ ಹೇಳಿದ: ಪಂಥದ ಸೈಟುಗಳನ್ನೆಲ್ಲ ವಾರವಿಡೀ ನೋಡಿದ್ದನಂತೆ. ಎಲ್ಲದರಲ್ಲೂ ಆ ದೇಶ ಮುಂದೆಯೇ ಇತ್ತು. ಅವನ ಲೆಕ್ಕದಲ್ಲಿ ಅದು ಪಂಥವೇ ಅಲ್ಲ, ಕೇಳಿ ಕೇಳಿ ಸಿಗದ್ದನ್ನು ಧಣಿಗಳ ಭಾಷೆಯಲ್ಲೇ ಕೇಳುವುದು.

ಧಣಿಗಳು ಫೋನಿನಲ್ಲಿ ಆ ತಂಡದ ಚಿತ್ರ ಹುಡುಕಿದರು. ಎಲ್ಲರೂ ಒಂದೇ ಬಗೆಯ ಹಸಿರು ಸ್ವೆಟರ್ ಹಾಕಿಕೊಂಡಿದ್ದರು. ಅವರು ಕನ್ನಡಕ ತೆಗೆದು ನಗತೊಡಗಿದರು. ಕೆಮ್ಮು ಬರುವಷ್ಟು ನಕ್ಕರು.

"ಹಸಿರು ಕೋಳಿ ಎಲ್ಲಿಯಾದ್ರೂ ಉಂಟಾ ಮಾರಾಯ? ಇಡೀ ಪಂಚಾಂಗದಲ್ಲಿ ಇಲ್ಲ. ನೀನು ಒಂದು ಗಿಳಿಯನ್ನು ತಂದು ಅಂಕಕ್ಕೆ ಬಿಡ್ತಾ ಇದ್ದಿ."

ಆಮೇಲೆ ಕೈ ಚಾಚಿದರು. ಆಗ ಯಾರೂ ಕೈ ಕೊಡುತ್ತಿರಲಿಲ್ಲ. ಅಟ್ಟದವನು ಮೊಣಕೈ ಮುಂದೆ ಮಾಡಿದ. "ಪಂಥಕ್ಕೆ ಮೊಣಕೈ ನಡೀಲಿಕ್ಕಿಲ್ಲ," ಎಂದು ಅವನ ಅಂಗೈಯನ್ನೇ ಹಿಡಿದು ಅಲುಗಿಸಿದರು. ಅವನು ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೇಲೆ ಹೋದ.

ಬುಧವಾರ ಸುದ್ದಿ ಬಂತು. ಆ ತಂಡದಲ್ಲಿ ಒಬ್ಬರಿಗೆ ಕೋವಿಡ್. ಇಡೀ ತಂಡ ಹೋಟೆಲಿನಲ್ಲೇ ಇರಬೇಕು, ವೇದಿಕೆಗೆ ಬರುವಂತಿಲ್ಲ. ಗುರುವಾರ ಅವರ ಹಾಡಿನ ಬದಲು ರಿಹರ್ಸಲಿನಲ್ಲಿ ಚಿತ್ರಿಸಿದ ವಿಡಿಯೋ ತೋರಿಸುತ್ತಾರೆ. ವೋಟು ಅದಕ್ಕೇ.

ಅಟ್ಟದವನು ಲ್ಯಾಪ್‌ಟಾಪ್ ಮುಚ್ಚಿ ಕೆಳಗಿಳಿದು ಬಂದ. ಮುಖ ಬಿಳಿಚಿಕೊಂಡಿತ್ತು. "ಅಂಕಲ್, ಇದು ಯಾರೂ ಅಂದ್ಕೊಂಡಿರ್ಲಿಲ್ಲ. ಕ್ಯಾನ್ಸಲ್ ಮಾಡೋಣ. ಬೇರೆ ಯಾವುದಾದ್ರೂ ಕಟ್ಟೋಣ."

ಧಣಿಗಳು ಈರುಳ್ಳಿ ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ. "ನಿನ್ನ ಗಿಳಿಗೆ ಜ್ವರ ಬಂದ್ರೆ ನಾನೆಂತ ಮಾಡ್ಲಿ? ಕೈ ಕೊಟ್ಟಾಯ್ತಲ್ಲ. ಕೊಟ್ಟ ಕೈ ಹಿಂದೆ ತೆಗೀಲಿಕ್ಕಿಲ್ಲ." ಮತ್ತೆ ನನ್ನ ಕಡೆ ತಿರುಗಿ, "ಮೈಸೂರು, ನೀನು ಸಾಕ್ಷಿ," ಎಂದರು.

ಗುರುವಾರ ಸಂಜೆ ಮೂವರೂ ಟಿವಿಯ ಮುಂದೆ ಕುಳಿತೆವು. ಧಣಿಗಳು ಗೋಳಿಬಜೆ ಮಾಡಿದ್ದರು. ಒಬ್ಬೊಬ್ಬರು ಹಾಡಿ ಹೋದ ಹಾಗೆ ಅವರು ಬಣ್ಣ ಹೇಳುತ್ತಿದ್ದರು. ಹಸಿರು ಸ್ವೆಟರಿನವರ ವಿಡಿಯೋ ಬಂದಾಗ ಗೋಳಿಬಜೆಯ ತಟ್ಟೆಯನ್ನು ಅಟ್ಟದವನ ಕಡೆ ತಳ್ಳಿ, "ತಿನ್ನು ಮಾರಾಯ. ಮುಂದಿನ ತಿಂಗಳು ಎಲ್ಲಿ ತಿಂತೀಯೋ," ಎಂದರು. ಅವನು ಒಂದನ್ನೂ ಮುಟ್ಟಲಿಲ್ಲ. ಫಲಿತಾಂಶ ಹೇಳಲು ಶುರುಮಾಡಿದರು. ಗೆದ್ದ ದೇಶಗಳ ಹೆಸರನ್ನು ಒಂದೊಂದಾಗಿ, ಎಳೆದೆಳೆದು ಹೇಳುತ್ತಾರೆ. ಐಸ್‌ಲ್ಯಾಂಡಿನ ಹೆಸರು ಬಂತು. ಪರದೆಯ ಮೇಲೆ ಹೋಟೆಲ್ ಕೋಣೆಯಲ್ಲಿ ಅವರು ಕುಣಿಯುವುದನ್ನು ತೋರಿಸಿದರು.

ಅಟ್ಟದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಅವನ ನಗು ಕೇಳಿಸಿತು. ಆ ಮನೆಯಲ್ಲಿ ಅವನು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಧಣಿಗಳು ಟಿವಿ ಆರಿಸಿದರು.

"ಕೋಳಿ ಕಳಕ್ಕೆ ಇಳೀಲಿಲ್ಲ," ಎಂದರು. "ಇಳಿಯದ ಕೋಳಿಯ ಮೇಲೆ ಪಂಥ ಇಲ್ಲ."

"ಅಂಕಲ್, ನಿನ್ನೆ ನಾನು ಬೇಡ ಅಂದಾಗ ನೀವೇ..."

"ಫೋಟೋ ತೋರಿಸಿ ಅಂಕ ಗೆಲ್ಲುವುದು ಎಲ್ಲಿ ಉಂಟು? ಹೇಳು ಮೈಸೂರು. ಉಂಟಾ?"

ನಾನು ಹೇಳಿದೆ. ಅವನು ಗೆದ್ದ, ನೀವು ನನ್ನನ್ನು ಸಾಕ್ಷಿ ಅಂತ ಕರೆದಿರಿ, ಅವನು ಗೆದ್ದ ಎಂದೆ. ದನಿ ಏರಿಸಿರಲಿಲ್ಲ. ಧಣಿಗಳು ನನ್ನನ್ನೇ ನೋಡಿದರು. ಆ ನೋಟ ಹೇಗಿತ್ತೆಂದು ಬರೆಯಲು ಇಷ್ಟು ವರ್ಷಗಳಲ್ಲಿ ಹಲವು ಸಲ ಪ್ರಯತ್ನಿಸಿದ್ದೇನೆ. ಸಿಟ್ಟು ಇರಲಿಲ್ಲ. ಏನೂ ಇರಲಿಲ್ಲ. ಎದ್ದರು. ಸೊಂಟ ಹಿಡಿದುಕೊಳ್ಳದೆ ಎದ್ದರು. ಮೆಟ್ಟಿಲು ಹತ್ತತೊಡಗಿದರು.

ಈ ದೇಶದ ಹಳೆಯ ಮನೆಗಳ ಮೆಟ್ಟಿಲು ನೋಡದವರಿಗೆ ಹೇಳುವುದು ಕಷ್ಟ. ಅದು ಗೋಡೆಗೆ ಒರಗಿಸಿದ ಏಣಿ. ಪಾದದ ಅರ್ಧ ಮಾತ್ರ ಊರುತ್ತದೆ. ಅಟ್ಟಕ್ಕೆ ಹೋಗುವ ಭಾಗ ಇನ್ನೂ ಕಡಿದು. ಹಿಡಿದುಕೊಳ್ಳಲು ಗೋಡೆಗೆ ಹಗ್ಗ ಕಟ್ಟಿತ್ತು. ಮೇಲೆ ಏನೋ ಎಳೆದಾಡುವ ಸದ್ದು ಕೇಳಿ ಅಟ್ಟದವನು ಓಡಿದ. ಅವನ ಹಿಂದೆ ನಾನು.

ಅವನ ಸೂಟ್‌ಕೇಸನ್ನು ಧಣಿಗಳು ಮೇಲಿನ ಮೆಟ್ಟಿಲ ಅಂಚಿಗೆ ತಂದಿದ್ದರು. ಬಾಯಿ ತೆರೆದೇ ಇತ್ತು. ಬಟ್ಟೆ ಹೊರಗೆ ನೇತಾಡುತ್ತಿತ್ತು. ಅವನು ಮುಕ್ಕಾಲು ಹತ್ತಿದ್ದ. "ಅಂಕಲ್, ಕೆಳಗಿಡಿ," ಎಂದ. ಅವರು ಬಿಟ್ಟರು. ಅವನು ಗೋಡೆಗೆ ಅಂಟಿಕೊಂಡ. ಅದು ಅವನ ತಲೆಯ ಪಕ್ಕದಿಂದ, ನನ್ನ ಭುಜವನ್ನು ಸವರಿಕೊಂಡು ಕೆಳಗೆ ಹೋಗಿ ಒಂದು ಬಾಗಿಲಿನ ಗಾಜು ಒಡೆಯಿತು. ಅವನು ನಿಲ್ಲಲಿಲ್ಲ. ಮತ್ತೆರಡು ಮೆಟ್ಟಿಲು ಹತ್ತಿ, ಮೇಲಿನ ಹಲಗೆಗೆ ಒಂದು ಕೈ ಊರಿದ. ಆಗ ಧಣಿಗಳು ಬಾಗಿದರು.

ಸೊಂಟ ಜಾರಿತು, ಹಿಡಿದುಕೊಳ್ಳಲು ಹೋದೆ, ಎಂದು ಅವರು ಆಮೇಲೆ ಹೇಳಿದರು. ನಾನು ಕೆಳಗೆ ಇದ್ದೆ. ನನಗೆ ಕಂಡದ್ದು ಎರಡು ಅಂಗೈ. ಅಟ್ಟದ ದೀಪಕ್ಕೆ ಎಣ್ಣೆ ಹೊಳೆಯುತ್ತಿತ್ತು. ಅವು ಬಂದು ಅವನ ಎದೆಯ ಮೇಲೆ ಕೂತವು. ಅವಸರವಿಲ್ಲದೆ, ಬಾಗಿಲು ತಳ್ಳುವ ಹಾಗೆ.

ಅವನು ಹಿಂದಕ್ಕೆ ಬಿದ್ದ. ಒಂದು ಕೈ ಹಗ್ಗಕ್ಕೆ ಸಿಕ್ಕಿತು. ಮೈಯ ಭಾರವೆಲ್ಲ ಆ ಕೈಗೆ ಬಿದ್ದು ಭುಜದಿಂದ ಒಂದು ಸದ್ದು ಬಂತು. ಇನ್ನೊಂದು ಕೈಯ ಬೆರಳು ಮೇಲಿನ ಹಲಗೆಯ ಅಂಚಿನಲ್ಲೇ ಇದ್ದವು. ನಾನು ಬೆನ್ನನ್ನು ಗೋಡೆಗೆ ಕೊಟ್ಟು, ಕಾಲು ಅಡ್ಡ ಊರಿ, ಅವನ ಸೊಂಟಕ್ಕೆ ಹೆಗಲು ಕೊಟ್ಟೆ. ನನ್ನ ಕೆಳಗೆ ಎರಡು ಮಹಡಿಯ ಇಳಿಜಾರು. ಮೇಲೆ ನೋಡಿದೆ. ಧಣಿಗಳ ಚಪ್ಪಲಿ ಅವನ ಬೆರಳುಗಳ ಮೇಲಿತ್ತು.

"ಬಿಡು," ಎಂದರು. ಮೆಲ್ಲಗೆ, ಮಗುವಿನ ಕೈಯಿಂದ ಏನನ್ನೋ ಬಿಡಿಸುವವರ ಹಾಗೆ. "ಬಿಡು ಮಾರಾಯ. ಬಿಡು."

ಎಷ್ಟು ಹೊತ್ತೋ ಗೊತ್ತಿಲ್ಲ... ರೈಲಿನಲ್ಲಿ, ಮೀಟಿಂಗ್ ನಡುವೆ, ತರಕಾರಿ ತೂಗಿಸುವಾಗ ನಾನು ಇವತ್ತಿಗೂ ಆ ಮೆಟ್ಟಿಲ ಮೇಲೆ ಇರುತ್ತೇನೆ. ಕೆಲವೊಮ್ಮೆ ನನ್ನ ಕಾಲು ಜಾರುತ್ತದೆ. ಕೆಲವೊಮ್ಮೆ ಅವನ ಬೆರಳು ಬಿಡುತ್ತವೆ, ಇಬ್ಬರೂ ಒಟ್ಟಿಗೆ ಹೋಗುತ್ತೇವೆ. ನಿಜಕ್ಕೂ ನಡೆದದ್ದು ಇಷ್ಟೇ: ಧಣಿಗಳು ಚಪ್ಪಲಿಯ ಕಾಲು ಎತ್ತಿದರು. ನಮ್ಮನ್ನು ದಾಟಿ ಇಳಿಯಲು ಜಾಗವಿರಲಿಲ್ಲವಾದ್ದರಿಂದ ಅಟ್ಟದ ಮೂಲೆಯ ವಾಶ್‌ಬೇಸಿನ್‌ಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಆ ಕಾಲದಲ್ಲಿ ಎಲ್ಲರಿಗೂ ಹೇಳಿಕೊಟ್ಟಿದ್ದರಲ್ಲ, ಹಾಗೆ, ಬಹಳ ಹೊತ್ತು ಕೈ ತೊಳೆದರು.

ನಾನು ಫೋನ್ ತೆಗೆದೆ. ಅಟ್ಟದವನು ಚೆನ್ನಾಗಿದ್ದ ಕೈಯಿಂದ ನನ್ನ ಮಣಿಕಟ್ಟು ಹಿಡಿದ.

"ಪೊಲೀಸ್ ಬೇಡ ಕಣೋ. ಮೊದಲು ಅಡ್ರೆಸ್ ಕೇಳ್ತಾರೆ."

ಆಸ್ಪತ್ರೆಯಲ್ಲಿ ಭುಜ ಕೂರಿಸಿ ಪಟ್ಟಿ ಕಟ್ಟಿದರು. ಹೇಗಾಯಿತೆಂದು ಕೇಳಿದಾಗ ಮೆಟ್ಟಿಲಿನಿಂದ ಬಿದ್ದೆ ಎಂದ. ಇಲ್ಲಿ ಮೆಟ್ಟಿಲಿನಿಂದ ಬೀಳುವವರು ಬಹಳ. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಬೇರೆ ಹೋಗಲು ಜಾಗವಿಲ್ಲದೆ ಇಬ್ಬರೂ ಅದೇ ಮನೆಗೆ ಬಂದು ನನ್ನ ಕೋಣೆಯಲ್ಲಿ ಬಾಗಿಲಿಗೆ ಮೇಜು ಒತ್ತಿ ಮಲಗಿದೆವು.

ಬೆಳಗ್ಗೆ ಧಣಿಗಳು ಬಾಗಿಲು ತಟ್ಟಿದರು. ಅವನನ್ನು ಒಳಗೇ ಬಿಟ್ಟು ನಾನೊಬ್ಬನೇ ಹೊರಗೆ ಬಂದೆ. ಅವರ ಕೈಯಲ್ಲಿ ಫೋನಿತ್ತು, ಸ್ಪೀಕರ್ ಹಾಕಿತ್ತು. ಊರಿನಿಂದ ಸೋದರಮಾವ. ತಾವೇ ಸರಿ ಎಂದು ನನ್ನ ಎದುರಿಗೆ ಹೇಳಿಸಬೇಕೆಂದು ಅವರೇ ಕರೆ ಮಾಡಿದ್ದರು. ತುಳುವಿನಲ್ಲಿ ಬಹಳ ಹೊತ್ತು ವಿವರಿಸಿದರು. ನನಗೆ ತಿಳಿದದ್ದು "ಕೋರಿ", ಅಂದರೆ ಕೋಳಿ, ಎಂಬ ಒಂದೇ ಶಬ್ದ. ಆಚೆಯಿಂದ ಮುದುಕರ ಕಫದ ದನಿ ಕನ್ನಡದಲ್ಲಿ, "ಸಾಕ್ಷಿಗೆ ಕೊಡು," ಎಂದಿತು.

"ಮೈಸೂರಿನವರಾ? ಒಂದು ಹೇಳಿ. ಕೋಳಿ ಇಳಿಯುವುದಿಲ್ಲ ಅಂತ ಇವನಿಗೆ ಗೊತ್ತಾದ್ದು ಯಾವಾಗ? ಅಂಕ ಆದ ಮೇಲಾ, ಮೊದಲಾ?"

"ಮೊದಲೇ. ಹಿಂದಿನ ದಿನ."

"ಪಂಥ ಬಿಡುವ ಅಂತ ಯಾರಾದ್ರೂ ಹೇಳಿದ್ರಾ?"

"ಅವನು ಹೇಳಿದ. ಇವರು ಬಿಡಲಿಲ್ಲ."

"ಹಾಗಾದ್ರೆ ಮತ್ತೆಂತ ಕೇಳ್ಲಿಕ್ಕೆ ಉಂಟು? ಸೋತ." ಅಷ್ಟೇ. ಫೋನು ಕಟ್ಟಾಯಿತು.

ಧಣಿಗಳು ಕರಿ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವನಿಗೂ ಕೇಳುವ ಹಾಗೆ ಸಹಜ ದನಿಯಲ್ಲಿ, "ಮಂಗಳವಾರ ಹೆಮೇಂಟೆಗೆ ಹೋಗುವ. ಹೆಸರು ಹಾಕಿಸ್ತೇನೆ. ಅವನ ಹೆಂಡತಿದೂ. ಸೋತದ್ದು ಸೋತದ್ದೇ," ಎಂದರು. ಹೆಮೇಂಟೆ ಎಂದರೆ ಇಲ್ಲಿನ ನಗರಸಭೆ.

ಅವರು ಇನ್ನೇನೋ ಹೇಳುತ್ತಾರೆಂದು ನಾನು ನಿಂತೆ. "ಮತ್ತೆ, ತಳ್ಳಿದ್ದಕ್ಕೆ?" ಎಂದು ನಾನೇ ಕೇಳಿದೆ.

"ಅದು ಪಂಥದಲ್ಲಿ ಇರ್ಲಿಲ್ಲ ಮಾರಾಯ," ಎಂದರು ಧಣಿಗಳು. ನನಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎನ್ನುವ ಹಾಗೆ.

ನಾನು ಒಳಗೆ ಬಂದು ಈ ಮನೆ ಬಿಡೋಣ, ಆಮ್ಸ್ಟೆಲ್‌ವೀನ್‌ನಲ್ಲಿ ನಮ್ಮವರಿದ್ದಾರೆ, ಕೆಲವು ದಿನ ಅಲ್ಲಿರೋಣ, ಪೊಲೀಸಿಗೂ ಹೇಳೋಣ ಎಂದೆ. ಅವನು ಕಿಟಕಿಯ ಹತ್ತಿರ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ.

"ಪೊಲೀಸಿಗೆ ಹೇಳಿದ್ರೆ ಅಡ್ರೆಸ್ ಸಿಗುತ್ತಾ?" ಎಂದ.

ಮಂಗಳವಾರ ಅವರಿಬ್ಬರೂ ಒಂದೇ ಟ್ರಾಮಿನಲ್ಲಿ, ನಡುವೆ ಸೀಟು ಬಿಟ್ಟು, ನಗರಸಭೆಗೆ ಹೋಗಿ ಬಂದರು.

ಆ ಬೇಸಿಗೆ ಅವನು ಅಟ್ಟದಲ್ಲೇ ಇದ್ದ. ಬಾಗಿಲಿನ ಹಿಡಿಗೆ ಕುರ್ಚಿ ಕೊಟ್ಟು ಮಲಗುತ್ತಿದ್ದ. ಇಳಿಯುವಾಗ ಮೆಟ್ಟಿಲಿಗೆ ಮುಖ ಮಾಡಿ, ಮೇಲೆ ನೋಡುತ್ತಾ ಇಳಿಯುತ್ತಿದ್ದ. ಧಣಿಗಳು ಅಡುಗೆಮನೆಯಲ್ಲಿದ್ದರೆ ಅವನು ಹಸಿದುಕೊಂಡೇ ಇರುತ್ತಿದ್ದ. ನನಗೆ ಬೇರೆ ಕಡೆ ಕೋಣೆ ಸಿಗುವುದರಲ್ಲಿತ್ತು. ಅವನನ್ನು ಬಿಟ್ಟು ಹೋಗಲು ಧೈರ್ಯ ಬರಲಿಲ್ಲ. ಧಣಿಗಳ ಪಾಲಿಗೆ ಏನೂ ನಡೆದೇ ಇರಲಿಲ್ಲ. ಬಾಗಿಲಿಗೆ ಹೊಸ ಗಾಜು ಹಾಕಿಸಿದರು. ಮಂಗಳವಾರ ಸಂಜೆ ಟಿವಿಯ ಮುಂದೆ ಕುಳಿತು, "ಮೈಸೂರು, ಮಾಸ್ಕ್ ತೆಗೀತಾರಾ ಇಲ್ವಾ, ಏನು ಕಟ್ತೀ?" ಎಂದು ಕೇಳುತ್ತಿದ್ದರು. ನಾನು ಉತ್ತರಿಸುವುದನ್ನು ಬಿಟ್ಟಿದ್ದೆ. ಅವರು ಕೇಳುವುದನ್ನು ಬಿಡಲಿಲ್ಲ.

ಶರತ್ಕಾಲದಲ್ಲಿ ಅವನ ಹೆಂಡತಿ ಬಂದಳು. ಅವಳಿಗೆ ಅವನು ಏನನ್ನೂ ಹೇಳಿರಲಿಲ್ಲ. ಬಂದ ಮೊದಲ ದಿನ ಧಣಿಗಳು ಬಾಗಿಲಲ್ಲಿ ನಿಂತು, "ಬಾ ಮಗಳೇ," ಎಂದರು. ಅವಳು ಬಗ್ಗಿ ಕಾಲು ಮುಟ್ಟಿದಳು. ಯಾವ ಅಂಗಡಿಯಲ್ಲಿ ಬಸಳೆ ಸಿಗುತ್ತದೆ, ಸೈಕಲ್ಲಿನಲ್ಲಿ ತಿರುಗುವಾಗ ಕೈ ಹೇಗೆ ತೋರಿಸಬೇಕು, ಚಳಿಗೆ ಚರ್ಮ ಒಡೆದರೆ ಏನು ಹಚ್ಚಬೇಕು, ಎಲ್ಲ ಅವರೇ ಕಲಿಸಿದರು. ಅವಳನ್ನು ಯಾವ ಪಂಥಕ್ಕೂ ಕರೆಯಲಿಲ್ಲ. ಅವಳು ಕೇಳಿದ್ದಕ್ಕೆಲ್ಲ ಒಪ್ಪುತ್ತಿದ್ದರು. ಹೀಟರಿಗೂ. ಅದನ್ನು ನೋಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು... ಈ ಮನುಷ್ಯನಿಗೆ ಇದೂ ಬರುತ್ತಿತ್ತು. ಬೇಕೆಂದಾಗ ಬರುತ್ತಿತ್ತು.

ಮುಂದಿನ ವಸಂತದಲ್ಲಿ ಗೆಳೆಯನೂ ಅವಳೂ ಆಮ್ಸ್ಟೆಲ್‌ವೀನ್‌ಗೆ ಹೋದರು, ನಾನು ಯುಟ್ರೆಕ್ಟ್‌ಗೆ. ಅದಾದ ಚಳಿಗಾಲದಲ್ಲಿ ಗೆಳೆಯ ಫೋನ್ ಮಾಡಿ, "ಧಣಿಗಳು ಹೋದ್ರಂತೆ. ಹಾರ್ಟು," ಎಂದ. ಅಂತ್ಯಕ್ರಿಯೆಗೆ ಅವನ ಹೆಂಡತಿ, ತುಂಬಿದ ಬಸುರಿ, ಟ್ರಾಮು ರೈಲು ಬದಲಾಯಿಸಿಕೊಂಡು ಒಬ್ಬಳೇ ಹೋಗಿ ಬಂದಳು. ನಮ್ಮಿಬ್ಬರಿಗೂ ಆ ದಿನ ಮೀಟಿಂಗ್ ಇತ್ತು.

ಕಳೆದ ತಿಂಗಳು ನಾನು ರೈಲು ಹತ್ತಿದ್ದದ್ದು ಅವರ ಮಗುವಿನ ಹುಟ್ಟುಹಬ್ಬಕ್ಕೆ. ಊಟವಾಯಿತು. ಮಗು ನನ್ನ ತೊಡೆಯ ಮೇಲೆ ಕೂತು ಡಚ್ಚಿನಲ್ಲಿ ಏನೋ ಹಾಡುತ್ತಿತ್ತು. ಗೆಳೆಯ ಮೇಲಿನ ಕಪಾಟಿನಿಂದ ತಟ್ಟೆ ತೆಗೆಯಲು ಎಡಗೈ ಎತ್ತಿದ; ಬಲಗೈ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ಅವನ ಹೆಂಡತಿ ಅದನ್ನು ನೋಡಿ ನನ್ನ ಕಡೆ ತಿರುಗಿದಳು.

"ಇವ್ರು ಮೆಟ್ಟಿಲಿಂದ ಬಿದ್ದಾಗ ಅಂಕಲ್ಲೇ ಎಲ್ಲ ನೋಡ್ಕೊಂಡ್ರಂತೆ ಅಲ್ವಾ? ಅವರೇ ಹೇಳಿದ್ರು ನಂಗೆ. ಇವ್ರನ್ನ ಕೇಳಿದ್ರೆ ಮಾತೇ ಆಡಲ್ಲ." ಅವಳ ಕಣ್ಣು ತುಂಬಿತು. "ನಮ್ಗೆ ಈ ದೇಶದಲ್ಲಿ ಮೊದಲು ಮನೆ ಕೊಟ್ಟೋರು ಅವರು. ಇದ್ದಿದ್ರೆ ಇವತ್ತು ಬರ್ತಿದ್ರು. ನೀವು ಅವರ ಜೊತೆ ಅಷ್ಟು ದಿನ ಇದ್ರಲ್ಲ, ಏನಾದ್ರೂ ಹೇಳಿ ಅವರ ಬಗ್ಗೆ. ಪಾಪುಗೂ ಹೇಳ್ಬೇಕು ಒಂದಿನ."

ಗೆಳೆಯ ತಟ್ಟೆಗಳನ್ನು ಹಿಡಿದು ಹಾಗೇ ನಿಂತಿದ್ದ. ನನ್ನನ್ನು ನೋಡಲಿಲ್ಲ.

ಸತ್ತವರಿಗಾಗಿ ಅಳುವವರು ಯಾರಾದರೂ ಇರಬೇಕು. ಧಣಿಗಳಿಗೆ ಅವಳಿದ್ದಾಳೆ. ಅವಳ ಧಣಿಗಳು ಒಳ್ಳೆಯವರು. ಅವರ ಮೀನಿನ ಗಸಿ ತಿಂದವನು, ಜ್ವರದಲ್ಲಿ ಅವರ ಗಂಜಿ ಕುಡಿದವನು ನಾನೂ ಹೌದು. ಅಷ್ಟಕ್ಕಾದರೂ ನನಗೂ ಒಂದು ದುಃಖ ಸಿಗಬೇಕಿತ್ತು. ಹುಡುಕಿದರೆ ಎರಡು ಅಂಗೈ ಮಾತ್ರ ಕಾಣುತ್ತವೆ.

"ಮೀನು ಚೆನ್ನಾಗಿ ಮಾಡ್ತಿದ್ರು," ಎಂದೆ.

ಅವಳು ಕಣ್ಣೊರೆಸಿಕೊಂಡು ನಕ್ಕಳು. ಇನ್ನೂ ಏನಾದರೂ ಹೇಳುತ್ತೇನೆಂದು ಕಾಯುತ್ತಾ ಕೂತಳು.